ಓವನ್ ಬಾಗಿಲಿನ ಕಪ್ಪು ಗಾಜು

ಸೂತಕದ ವಾರ ಮುಗಿದ ಮರುದಿನ ಬೆಳಿಗ್ಗೆ ಮನೆಗೆ ಯಾರೂ ಬರಲಿಲ್ಲ. ದುಃಖದಲ್ಲಿರುವವರು ಕೂರುವ ಗಿಡ್ಡ ಸ್ಟೂಲುಗಳನ್ನು ನಮ್ಮ ಯೆಹೂದಿ ಸಮಾಜದವರು ಹಿಂದಿನ ದಿನವೇ ಒಯ್ದಿದ್ದರು. ಸಾವಿನ ಮನೆಯ ಪದ್ಧತಿಯಂತೆ ಕನ್ನಡಿಗಳಿಗೆ ಹೊದಿಸಿದ ಬೆಡ್‌ಶೀಟುಗಳು ಮಾತ್ರ ಹಾಗೇ ಇದ್ದವು. ತೆಗೆಯಬೇಕೆಂದು ನನಗೆ ಅನ್ನಿಸಿರಲಿಲ್ಲ.

ಕಾಫಿ ಮಾಡಿದೆ, ಕುಡಿಯಲಿಲ್ಲ. ಕುರ್ಚಿಯಲ್ಲಿ ಕೂತೆ, ಎದ್ದೆ. ವಾರವಿಡೀ ಕೂತ ಕಾಲುಗಳಿಗೆ ಕೂರುವುದೇ ಬೇಡವಾಗಿತ್ತು. ಮಹಡಿಗೆ ಹತ್ತಿ ಹೋದೆ, ಯಾಕೆ ಬಂದೆನೆಂದು ಮರೆತು ಇಳಿದು ಬಂದೆ.

ಫೋನ್ ಬಂತು. ದೆವೋರಾ, ಕ್ಲೀವ್‌ಲ್ಯಾಂಡಿನಿಂದ. ತೀರಿಕೊಂಡ ನನ್ನ ಗಂಡ ಗೆರ್ಶನ್‌ನ ಒಬ್ಬಳೇ ಅಕ್ಕ.

"ಶಿಫ್ರಾ, ಏನಾದ್ರೂ ತಿಂದ್ಯಾ?"

"ತಿಂದೆ," ಅಂದೆ. ಸುಳ್ಳು.

"ಗುರುವಾರ ಕಾರು ತರ್ತೀನಿ. ಪಸ್ಕ ಹಬ್ಬಕ್ಕೆ ನಮ್ಮನೇಲೇ ಇರು. ಆಮೇಲೆ ಆ ಮನೆ ಏನು ಮಾಡೋದು ಅಂತ ನಿಧಾನಕ್ಕೆ ಮಾತಾಡೋಣ."

"ಹಬ್ಬ ಇಲ್ಲೇ ಮಾಡ್ತೀನಿ. ನೀವೇ ಎಲ್ರೂ ಬನ್ನಿ."

"ವರ್ಷವೆಲ್ಲ ಹುಳಿ ಹಿಟ್ಟಿನ ರೊಟ್ಟಿ ಬೇಯಿಸಿದ ಓವನ್ನು ಅದು. ಹಬ್ಬಕ್ಕೆ ಹುಳಿಯ ಚೂರೂ ಉಳಿಯದ ಹಾಗೆ ಶುದ್ಧ ಮಾಡೋರು ಯಾರು?"

"ಅದೇ ಮಾಡ್ಕೊಳ್ಳುತ್ತೆ. ಬಾಗಿಲು ಹಾಕಿ ಗುಂಡಿ ಒತ್ತಿದ್ರೆ ಆಯ್ತು. ಒಳಗಿರೋದೆಲ್ಲ ಸುಟ್ಟು ಬೂದಿ ಆಗುತ್ತೆ."

"ಸರಿ. ಗುರುವಾರದೊಳಗೆ ಓವನ್ ತಯಾರಾದ್ರೆ ನಾವು ಬರ್ತೀವಿ. ಇಲ್ಲಾಂದ್ರೆ ನೀನು ಬರ್ತೀಯ. ಮಾತು ಕೊಡು."

ಕೊಟ್ಟೆ. ಒಮ್ಮೆ ಹೋದರೆ ಈ ಬಾಲ್ಟಿಮೋರಿಗೆ ತಿರುಗಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳ ಮನೆಯ ಮೇಲಿನ ಕೋಣೆಗೆ ನನಗೆಂದು ಆಗಲೇ ಬಣ್ಣ ಹೊಡೆಸಿದ್ದರು, ಅದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಎಲ್ಲರೂ ಒಳ್ಳೆಯವರು. ಅಷ್ಟು ಒಳ್ಳೆಯವರ ನಡುವೆ ನಾನು ಉಳಿದ ಆಯುಷ್ಯವಿಡೀ ಅವರ ತಮ್ಮನ ಹೆಂಡತಿಯಾಗಿಯೇ ಇರಬೇಕಾಗುತ್ತಿತ್ತು.

ಓವನ್ನಿನ ತಂತಿ ತಟ್ಟೆಗಳನ್ನು ಹೊರಗೆ ತೆಗೆದೆ, ಒಳಗೆ ಒರೆಸಿದೆ, ಬಾಗಿಲು ಹಾಕಿ ಗುಂಡಿ ಒತ್ತಿದೆ. ಬಾಗಿಲಿನ ಮೇಲೆಲ್ಲೋ ಮೋಟಾರು ಗುರ್ ಎಂದಿತು, ಚಿಲಕ ತಡಕಾಡಿತು, ಸಿಗಲಿಲ್ಲ. ಮೂರು ಸಲ ಪೀಪ್ ಎಂದು ಸುಮ್ಮನಾಯಿತು. ಮತ್ತೆ ಒತ್ತಿದೆ. ಮತ್ತೆ ಅದೇ. ಚಿಲಕ ಬೀಳದೆ ಬಿಸಿ ಏರುವುದಿಲ್ಲ.

ರಿಪೇರಿಯವನಿಗೆ ಫೋನ್ ಮಾಡಿದರೆ ನಕ್ಕ. "ಹಬ್ಬ ಮುಗಿಯೋ ತನಕ ಪುರುಸೊತ್ತಿಲ್ಲ ಮೇಡಂ. ನಿಮ್ಮ ಬೀದಿಯ ಓವನ್ನುಗಳೆಲ್ಲ ಪ್ರತಿ ವರ್ಷ ಇದೇ ವಾರ ನೋಡ್ಕೊಂಡು ಕೆಡ್ತವೆ."

ಪಕ್ಕದ ಮನೆಯ ಮಿಸೆಸ್ ಪೆರ್ಲ್‌ಮಟರ್ ಸೂಪು ಹಿಡಿದು ಬಂದಾಗ ನಾನು ಆ ಬಾಗಿಲನ್ನು ಭುಜದಿಂದ ತಳ್ಳುತ್ತಿದ್ದೆ.

"ಅಯ್ಯೋ ಶಿಫ್ರಲೆ, ಅದನ್ಯಾಕೆ ಹೊಡೀತೀಯ? ತಡಿ, ಎದುರುಮನೆ ನಫ್ತಾಲೀನ ಕರೀತೀನಿ."

"ಅವರಿಗೆ ಓವನ್ ರಿಪೇರಿ ಬರುತ್ತಾ?"

"ಎಲ್ಲಿ ಬರುತ್ತೆ! ಹೆಣ್ಮಕ್ಕಳ ಸ್ಕೂಲಲ್ಲಿ ಫಿಸಿಕ್ಸ್ ಹೇಳ್ಕೊಡ್ತಾನೆ. ಆದ್ರೆ ಮದುವೆ ಆಗಿಲ್ಲ ನೋಡು, ಕರೆದ್ರೆ ಬರ್ತಾನೆ."

ನಫ್ತಾಲಿ ಗ್ರೂನ್ ನನಗೆ ಬಹುಮಟ್ಟಿಗೆ ಒಂದು ದನಿ ಮಾತ್ರವಾಗಿದ್ದರು. ನಮ್ಮ ಮದುವೆಯಾದಾಗಿನಿಂದ ದಿನವೂ ನಸುಕಿನಲ್ಲಿ ಅವರೂ ಗೆರ್ಶನ್ನೂ ಅಡುಗೆಮನೆಯ ಮೇಜಿನಲ್ಲಿ ಕೂತು ಧರ್ಮಗ್ರಂಥ ಓದುತ್ತಿದ್ದರು. ಓದುತ್ತಿದ್ದರು ಎನ್ನುವುದಕ್ಕಿಂತ ಜಗಳವಾಡುತ್ತಿದ್ದರು. ಆ ಕೂಗಾಟ ಕೇಳುತ್ತ ನಾನು ಮೇಲೆ ಎರಡನೇ ನಿದ್ದೆ ಮಾಡುತ್ತಿದ್ದೆ. ಕೆಳಗಿಳಿದು ಬಂದರೆ ಅವರು ಟೋಸ್ಟರಿನ ಕಡೆ ನೋಡುತ್ತ "ಗುಡ್ ಮಾರ್ನಿಂಗ್" ಅನ್ನುತ್ತಿದ್ದರು. ಒಂದು ದಿನವೂ ನನ್ನ ಕಡೆ ನೋಡಿದವರಲ್ಲ.

ಬಂದರು. ಉದ್ದ ಮನುಷ್ಯ, ಕೋಟಿನ ತೋಳಿಗೆ ಸೀಮೆಸುಣ್ಣ. ಹೊಸ್ತಿಲಲ್ಲೇ ನಿಂತರು; ಪರಗಂಡಸು, ಹೆಂಗಸು ಮುಚ್ಚಿದ ಮನೆಯಲ್ಲಿ ಇಬ್ಬರೇ ಇರಬಾರದೆಂಬ ನಿಯಮ ನಮ್ಮದು.

"ಬಾಗಿಲು ತೆಗೆದೇ ಇರ್ಲಿ ಅಲ್ವಾ?"

"ಇರ್ಲಿ," ಅಂದರು ಮಿಸೆಸ್ ಪೆರ್ಲ್‌ಮಟರ್. ಬೀದಿ ಬಾಗಿಲಿಗೆ ಕುರ್ಚಿ ಅಡ್ಡವಿಟ್ಟು, ಮಡಿಲಲ್ಲಿ ಆಲೂಗಡ್ಡೆಯ ಬೋಗುಣಿ ಇಟ್ಟುಕೊಂಡು ಗಟ್ಟಿಯಾಗಿ ಕೂತರು. "ನಾನಿಲ್ಲಿ ಸಿಪ್ಪೆ ತೆಗೀತಿರ್ತೀನಿ. ನನ್ನ ಕಿವಿ ಮಂದ, ಕಣ್ಣು ಚುರುಕು. ನಡೀರಿ ಒಳಗೆ."

ಮಾರ್ಚಿನ ಚಳಿಗಾಳಿ ಅಡುಗೆಮನೆಯವರೆಗೂ ನುಗ್ಗಿತು.

ನಫ್ತಾಲಿ ಮೊದಲು ಕರೆಂಟಿನ ಪೆಟ್ಟಿಗೆಯ ಒಂದು ಸ್ವಿಚ್ ಆರಿಸಿದರು. ತಪ್ಪು ಸ್ವಿಚ್ಚು, ಫ್ರಿಜ್ ನಿಂತಿತು. ಮತ್ತೊಂದು ಆರಿಸಿದರು. ಹೊರಗೆ ಮಿಸೆಸ್ ಪೆರ್ಲ್‌ಮಟರ್ ತಲೆಯ ಮೇಲಿನ ದೀಪ ಹೋಯಿತು.

"ನನ್ನೇ ಕತ್ತಲೇಲಿ ಕೂರಿಸ್ತೀಯೇನೋ ನಫ್ತಾಲಿ!"

"ನಿಮ್ಮ ವಿದ್ಯಾರ್ಥಿನಿಯರು ನಿಮ್ಮನ್ನ ಏನಂತಾರೆ?" ಎಂದು ಕೇಳಿದೆ. ಕೇಳಿದ್ದು ನಾನೇ ಎಂದು ನನಗೇ ಆಶ್ಚರ್ಯವಾಯಿತು.

"ಹಿಂದಿನಿಂದ ಏನಂತಾರೋ ಗೊತ್ತಿಲ್ಲ," ಟೋಸ್ಟರಿಗೆ ಹೇಳಿದರು. "ಎದುರಿಗೆ ಅಂದಿದ್ದು ಹೇಳೋ ಹಾಗಿಲ್ಲ."

ಸರಿಯಾದ ಸ್ವಿಚ್ ಸಿಕ್ಕಿತು. ಆರಿಸಿ, ಕಾದು, ಹಾಕಿದರು. ಗುರ್. ತಡಕಾಟ. ಪೀಪ್.

ಇಬ್ಬರೂ ಮಂಡಿಯೂರಿ ಬಾಗಿಲಿನ ಎದುರು ಕೂತೆವು, ಕೈಗೆ ಕೈ ತಾಗಬಾರದೆಂದು ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಓವನ್ ಬಾಗಿಲಿನ ಗಾಜು ಕಪ್ಪಗೆ ಹೊಳೆಯುತ್ತಿತ್ತು. ಅದರಲ್ಲೊಂದು ಮುಖ ಕಂಡಿತು. ತಲೆವಸ್ತ್ರ ಓರೆಯಾಗಿ ಜಾರಿದ, ಕಣ್ಣ ಕೆಳಗೆ ಕಪ್ಪಾದ ಯಾವಳೋ ಹೆಂಗಸು. ಕನ್ನಡಿಗಳು ಮುಚ್ಚಿದ ಮೇಲೆ ನಾನು ನನ್ನನ್ನು ನೋಡಿದ್ದು ಅದೇ ಮೊದಲು.

ಕೈ ಎತ್ತಿ ತಲೆವಸ್ತ್ರ ಸರಿಮಾಡಿಕೊಂಡೆ. ಆಗ ಗಾಜಿನಲ್ಲಿ ಇನ್ನೆರಡು ಕಣ್ಣು ಕಂಡವು. ಅವರು ಚಿಲಕ ನೋಡುತ್ತಿರಲಿಲ್ಲ. ನನ್ನ ಮುಖ ನೋಡಲು ಧೈರ್ಯವಿಲ್ಲದ ಮನುಷ್ಯ ಗಾಜಿನಲ್ಲಿದ್ದ ಆ ಹೆಂಗಸನ್ನು ನೋಡುತ್ತಿದ್ದರು, ಬಹಳ ಹೊತ್ತಿನಿಂದ ನೋಡುತ್ತಿದ್ದವರ ಹಾಗೆ. ನನ್ನ ಕಣ್ಣು ಅಲ್ಲಿ ತಾಗಿದೊಡನೆ ಅವರ ಕಿವಿ ಕೆಂಪಾಯಿತು. ಕಪ್ಪು ಗಾಜಿನಲ್ಲಿ ಕೆಂಪು ಕಾಣುವುದಿಲ್ಲ. ನಾನು ತಿರುಗಿ ನೋಡಿದ್ದರಿಂದ ಗೊತ್ತಾಯಿತು.

"ಈ ವಾರ ಬೆಳಿಗ್ಗೆ ಹೊತ್ತು ಏನ್ಮಾಡಿದ್ರಿ?" ಎಂದೆ, ಏನಾದರೂ ಅನ್ನಬೇಕಿತ್ತು.

"ಎದ್ದೆ. ಪುಸ್ತಕ ತೆಗೆದೆ. ಎದುರಿಗೆ ಬೈಯೋರಿಲ್ದೆ ನಂಗೆ ಒಂದು ಸಾಲೂ ಅರ್ಥ ಆಗ್ಲಿಲ್ಲ."

ಬೀದಿ ಬಾಗಿಲಿನಲ್ಲಿ ಸಿಪ್ಪೆ ಹೆರೆಯುವ ಸದ್ದು ನಿಂತಿತು. "ಯಾಕೆ ಇಬ್ರೂ ಸುಮ್ಮನಾದ್ರಿ?"

"ಯೋಚನೆ ಮಾಡ್ತಿದ್ದೀವಿ," ಎಂದು ನಫ್ತಾಲಿ ಕೂಗಿದರು.

"ಹೂಂ, ಹೂಂ. ಹಬ್ಬ ಕಳೀಲಿ, ಬೇಸಿಗೆ ಬರ್ಲಿ. ಅಲ್ಲೀತನಕ ನಾನೇನೂ ನೋಡಿಲ್ಲಪ್ಪ."

ವಿಧವೆಯಾದವಳ ಬಳಿ ಮೂರು ತಿಂಗಳು ಕಳೆಯದೆ, ಅಂದರೆ ಈ ದೇಶದ ಬೇಸಿಗೆ ಬರುವವರೆಗೆ, ಯಾರೂ ಮದುವೆಯ ಮಾತೆತ್ತುವಂತಿಲ್ಲ. ಅದು ಮೂವರಿಗೂ ಗೊತ್ತಿದ್ದ ನಿಯಮ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಮತ್ತೆ ಹೋಗಿ ಬಂದೆ.

"ಒಳಗಿನ ದೀಪ ಯಾಕೆ ಹತ್ತಲ್ಲ?" ಎಂದರು ನಫ್ತಾಲಿ, ಬಾಗಿಲು ತೆರೆದು.

"ಬಲ್ಬ್ ಹೋಗಿದೆ. ಚಳಿಗಾಲದಿಂದ ಹಾಗೇ ಇದೆ."

"ಯಾರು ಹೇಳಿದ್ರು?"

"ಗೆರ್ಶನ್."

ಬಲ್ಬಿನ ಮೇಲಿನ ಗಾಜಿನ ಮುಚ್ಚಳವನ್ನು ತಿರುಗಿಸಲು ನೋಡಿದರು. ಜಿಡ್ಡು ಕಟ್ಟಿ ಗಟ್ಟಿಯಾಗಿತ್ತು, ಅಲ್ಲಾಡಲಿಲ್ಲ. ಅವರು ಪಾಠ ಹೇಳುವ ದನಿಯಲ್ಲಿ ತಮಗೆ ತಾವೇ ಹೇಳಿಕೊಂಡರು: "ಬಲ್ಬು ಕೆಟ್ಟಿರಬಹುದು. ಅಥವಾ ಬಾಗಿಲು ತೆರೆದಿದೆ ಅಂತಲೇ ಓವನ್ನಿಗೆ ಗೊತ್ತಾಗ್ತಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಒಂದು ಸಣ್ಣ ಗುಂಡಿ ಇರುತ್ತೆ, ಅದು..."

ನಾನು ಅಷ್ಟರಲ್ಲೇ ಚೌಕಟ್ಟಿನ ಅಂಚಿಗೆ ಬೆರಳಾಡಿಸಿದ್ದೆ. ಮೇಲಿನ ಮೂಲೆಯಲ್ಲಿ ಏನೋ ಉಬ್ಬಿತ್ತು. ಅಡುಗೆಯ ಅಲ್ಯೂಮಿನಿಯಂ ಹಾಳೆ, ಮಡಚಿ ಮಡಚಿ ದಪ್ಪ ಮಾಡಿ, ಗುಂಡಿಯ ಮೇಲೆ ಒತ್ತಿ ಕೂರಿಸಿದ್ದು. ಮಧ್ಯದಲ್ಲಿ ಹೆಬ್ಬೆರಳು ಒತ್ತಿದ ಕುಳಿ.

ತಕ್ಷಣ ತಿಳಿಯಿತು. ಚಳಿಗಾಲದ ಒಂದು ಶನಿವಾರ, ಸಬ್ಬತ್ ಎಂಬ ವಿಶ್ರಾಂತಿಯ ದಿನ, ನಾನು ಮರೆತು ಓವನ್ ತೆರೆದೆ. ಒಳಗೆ ದೀಪ ಹತ್ತಿಕೊಂಡಿತು. ಮುಚ್ಚಿದರೆ ದೀಪ ಆರುತ್ತದೆ; ಸಬ್ಬತ್‌ನಲ್ಲಿ ದೀಪ ಹಚ್ಚುವಂತೆಯೂ ಇಲ್ಲ, ಆರಿಸುವಂತೆಯೂ ಇಲ್ಲ. ಸಂಜೆ ನಕ್ಷತ್ರ ಕಂಡು ಸಬ್ಬತ್ ಮುಗಿಯುವವರೆಗೆ ಆ ಬಾಗಿಲು ಬಾಯಿ ಬಿಟ್ಟುಕೊಂಡೇ ಇತ್ತು. ಮಾಂಸ ಒಣಗಿ ಚರ್ಮವಾಯಿತು. ನಾನು ಅತ್ತುಬಿಟ್ಟೆ; ಗೆರ್ಶನ್ ಆ ಚರ್ಮವನ್ನೇ ಎರಡು ಸಲ ಬಡಿಸಿಕೊಂಡು ತಿಂದ. ಆಮೇಲೆ ಬಲ್ಬ್ ಹೋಗಿದೆ ಅಂದ. ನಾನು ಮತ್ತೊಮ್ಮೆ ಅಳಬಾರದೆಂದು, ಬಾಗಿಲು ತೆರೆದರೂ ದೀಪ ಹತ್ತದಂತೆ ಇದನ್ನು ಕೂರಿಸಿ, ಒಂದು ಮಾತೂ ಹೇಳಿರಲಿಲ್ಲ. ಬಾಗಿಲು ಪೂರ್ತಿ ಕೂರದಂತೆ ತಡೆದು, ಈ ಹಾಳೆಯ ದಪ್ಪವೇ ಚಿಲಕಕ್ಕೆ ಅಡ್ಡ ಬಂದಿತ್ತು.

ನಫ್ತಾಲಿಗೂ ಅರ್ಥವಾಯಿತು. ಕೈ ಹಿಂದಕ್ಕೆ ತೆಗೆದುಕೊಂಡರು.

"ಅದು ಅವನ ಕೈ ಕೆಲಸ. ನಾನು ತೆಗೆಯಲ್ಲ." ಆಮೇಲೆ, "ನೀವೂ ತೆಗೀಲೇಬೇಕು ಅಂತಿಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಒಳ್ಳೆ ಓವನ್ನುಗಳಿರ್ತವೆ."

"ನಾನು ಹೋಗ್ಲಿ ಅಂತೀರಾ?"

"ನಾನು ಹಾಗನ್ಲಿಲ್ಲ." ಟೋಸ್ಟರಿನ ಕಡೆಯೂ ನೋಡಲಿಲ್ಲ, ನೆಲ ನೋಡಿದರು. "ನಾನೇನೂ ಅನ್ನೋ ಹಾಗಿಲ್ಲ."

ಉಗುರು ಹಾಕಿ ಮೀಟಿದೆ. ಅಂಟಿಕೊಂಡಿತ್ತು. ಒಂದು ಮೂಲೆ ಹರಿಯಿತು, ಉಳಿದದ್ದು ಇಡಿಯಾಗಿ ಬಂತು. ಓವನ್ನಿನೊಳಗೆ ಹಳದಿ ಬೆಳಕು ಹತ್ತಿಕೊಂಡಿತು. ಬಲ್ಬು ಇಷ್ಟು ದಿನವೂ ಚೆನ್ನಾಗಿಯೇ ಇತ್ತು.

ಬಾಗಿಲು ಹಾಕಿ ಗುಂಡಿ ಒತ್ತಿದೆ. ಗುರ್. ಆಮೇಲೆ ಗಟ್ಟಿಯಾಗಿ, ಚೊಕ್ಕವಾಗಿ, ಕಟಕ್.

"ಬಿತ್ತಾ?" ಎಂದು ಕುರ್ಚಿಯಿಂದ ಕೂಗು.

"ಬಿತ್ತು!" ಇಬ್ಬರೂ ಒಟ್ಟಿಗೆ ಅಂದೆವು. ನಾನು ನಕ್ಕೆ. ನಕ್ಕ ಮೇಲೆ ಹೆದರಿಕೆಯಾಯಿತು.

ನಫ್ತಾಲಿ ಮಧ್ಯಾಹ್ನದ ಪ್ರಾರ್ಥನೆಗೆ ಹೊತ್ತಾಯಿತೆಂದು ಬೇಗ ಹೊರಟರು, ಟೋಪಿ ಮರೆತು ಒಮ್ಮೆ ತಿರುಗಿ ಬಂದರು. ಮಿಸೆಸ್ ಪೆರ್ಲ್‌ಮಟರ್ ಆಲೂಗಡ್ಡೆ ಎತ್ತಿಕೊಂಡು ತಮ್ಮ ಮನೆಗೆ ಹೋದರು.

ಒಬ್ಬಳೇ ಆದೆ. ವರ್ಷದ ಜಿಡ್ಡು ಸುಡತೊಡಗಿ ಅಡುಗೆಮನೆ ಹೊಗೆಯಾಯಿತು. ಕಿಟಕಿಗಳನ್ನೆಲ್ಲ ತೆರೆದೆ. ಅಷ್ಟರಲ್ಲಿ ಸೂರಿನ ಹೊಗೆ ಅಲಾರಂ ಕಿರುಚತೊಡಗಿತು. ಕುರ್ಚಿ ಹತ್ತಿದರೆ ಕೈಗೆಟುಕಲಿಲ್ಲ. ನೆಲಮಾಳಿಗೆಗೆ ಓಡಿದೆ. ಅಲ್ಲಿ ಗೋಡೆಗೊರಗಿ ಒಂದು ಮಡಚುವ ಏಣಿ ನಿಂತಿತ್ತು. ನಮ್ಮದಲ್ಲ, ನಮ್ಮಲ್ಲಿ ಏಣಿ ಇರಲೇ ಇಲ್ಲ. ಎತ್ತಿ ತಂದು, ಹತ್ತಿ, ಅಲಾರಮಿನ ಬ್ಯಾಟರಿ ಕಿತ್ತೆ.

ಸದ್ದು ನಿಂತಾಗ ಏಣಿಯ ತುದಿಯಲ್ಲಿ ಕೆಂಪು ಬಣ್ಣದಲ್ಲಿ ಬರೆದ ಹೆಸರು ಕಂಡಿತು. ಗ್ರೂನ್.

ಅಲ್ಲೇ ಮೇಲೆ ನಿಂತು ದೆವೋರಾಗೆ ಫೋನ್ ಮಾಡಿದೆ. "ಓವನ್ ಉರೀತಿದೆ. ನೀವೇ ಬನ್ನಿ."

"ನಿಜವಾಗ್ಲೂ?" ಎಂದಳು. ಆಮೇಲೆ ಮೆಲ್ಲಗೆ, "ಅಲ್ಲೇ ಇರ್ತೀಯಾ?"

"ಇರ್ತೀನಿ."

ಅವಳು ಅತ್ತಳು. ನಾನು ಕೇಳುತ್ತ ನಿಂತೆ.

ಸಂಜೆ ಓವನ್ ತಣ್ಣಗಾಗಿ ಚಿಲಕ ತಾನೇ ಬಿಟ್ಟುಕೊಂಡಿತು. ತಳದಲ್ಲಿ ಒಂದು ಹಿಡಿ ಬಿಳಿ ಬೂದಿ. ಅದನ್ನು ಒರೆಸಿ, ಕೈ ತೊಳೆದು, ಏಣಿಯನ್ನು ಹೆಗಲಿಗೇರಿಸಿಕೊಂಡು ಬೀದಿ ದಾಟಿದೆ. ಬೀದಿಯವರೆಲ್ಲ ಜಗಲಿಗಳಲ್ಲಿ ಕಂಬಳಿ ಕೊಡವುತ್ತಿದ್ದರು. ನೋಡಿದರೆ ನೋಡಲಿ ಅನ್ನಿಸಿತು.

ನಫ್ತಾಲಿ ಬಾಗಿಲು ತೆರೆದು ಜಗಲಿಗೆ ಬಂದರು.

"ಏಣಿ," ಎಂದೆ.

"ಹಬ್ಬಕ್ಕೆ ಮೇಲಿನ ಕಪಾಟುಗಳೆಲ್ಲ ಒರೆಸಿ ಆದ್ವಾ?"

"ಒಂದೂ ಆಗಿಲ್ಲ."

"ಮತ್ಯಾಕೆ ತಂದ್ರಿ? ಹಬ್ಬ ಕಳಿಯೋ ತನಕ ಅಂತ ಗೆರ್ಶನ್ ಕೇಳಿದ್ದ. ಕೇಳಿ ತಂದವನು ತೀರ್ಕೊಂಡ್ರೆ ಗಡುವು ಮುಗಿಯೋವರೆಗೆ ಮನೆಯವರು ಬಳಸಬಹುದು. ಆ ಪುಟ ನಾವಿಬ್ರೂ ಓದಿದ್ವಿ."

"ಅವನು ಒಪ್ಪಿದ್ನಾ?"

"ಅವನು ಯಾವತ್ತು ಏನು ಒಪ್ಪಿದ್ದ?"

ಅವರು ಮೂಗು ಒರೆಸಿಕೊಂಡರು.

"ಇದು ಗೆರ್ಶನ್ ಕೇಳಿ ತಂದಿದ್ದು," ಎಂದೆ. "ಅವನ ಕಡೆಯಿಂದ ವಾಪಸ್ ಕೊಡ್ತಿದ್ದೀನಿ. ನನಗೆ ಬೇಕಾದಾಗ ನಾನೇ ಬಂದು ಕೇಳ್ತೀನಿ."

"ಯಾವಾಗ?"

ಈ ಸಲ ಅವರು ಏಣಿಯನ್ನು ನೋಡಲಿಲ್ಲ. ನೇರ ನನ್ನನ್ನೇ ನೋಡಿದರು. ಕಂದು ಕಣ್ಣುಗಳು, ಎಡಗಣ್ಣು ಸ್ವಲ್ಪ ಚಿಕ್ಕದು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

"ನಾನೆಲ್ಲೂ ಹೋಗ್ತಿಲ್ಲ," ಎಂದೆ. "ಬೇಸಿಗೇಲೂ ಇಲ್ಲೇ ಇರ್ತೀನಿ."

ಏಣಿಯನ್ನು ಜಗಲಿಯ ಕಂಬಕ್ಕೆ ಒರಗಿಸಿ ಕೈ ತೆಗೆದೆ. ನಾನು ಪೂರ್ತಿ ಕೈ ತೆಗೆದ ಮೇಲೆ ಅವರು ಹಿಡಿದುಕೊಂಡರು.