ಯಾರಿಗೂ ಕೊಡದ ಅವಲಬೆಟ್ಟ

"ಮೋನಿಕಾ, ನನ್ ಪ್ರೀವೆಡ್ಡಿಂಗ್ ಶೂಟ್‌ಗೆ ಜಾಗ ನೀನೇ ಸೆಲೆಕ್ಟ್ ಮಾಡು."

ಲೆನ್ಸ್ ಒರೆಸುತ್ತಲೇ ವಾಸು ಹೇಳಿಬಿಟ್ಟ. ತಲೆ ಕೂಡ ಎತ್ತಲಿಲ್ಲ.

"ಯಾರ... ಶೂಟ್?"

"ನಂದೇ. ಸಹಕಾರನಗರದ ಹುಡುಗಿ. ಅಮ್ಮ ನೋಡಿರೋದು. ಭಾನುವಾರ ಹೂ ಮುಡಿಸ್ತಾರೆ."

ಮೋನಿಕಾ ಬೆರಳು ಮಡಿಚಿ ದಿನ ಎಣಿಸಿದಳು. ಹೂ ಮುಡಿಸಿದರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವ ಮಾತೇ ಇಲ್ಲ.

ಕೊಡಿಗೇಹಳ್ಳಿಯ ಆ ಪುಟ್ಟ ಸ್ಟುಡಿಯೋದಲ್ಲಿ ವಾಸು ಫೋಟೋ ತೆಗೆಯುತ್ತಿದ್ದ, ಮೋನಿಕಾ ಜಾಗ ಹುಡುಕುತ್ತಿದ್ದಳು. ಮದುವೆಯಾಗಲಿರುವ ಜೋಡಿಯನ್ನು ಫೋಟೋಗೆ ಎಲ್ಲಿಗೆ ಕರೆದೊಯ್ಯಬೇಕು ಎಂದು ತೀರ್ಮಾನಿಸುವುದೇ ಅವಳ ಕೆಲಸ. ಹುಡುಗಿ ನಾಚಿಕೆಯವಳಾದರೆ ಜನವಿಲ್ಲದ ಕೆರೆ ದಂಡೆ, ಹುಡುಗ ಮಾತಿನಮಲ್ಲನಾದರೆ ಆಂಧ್ರದ ಗಂಡಿಕೋಟ ಕಣಿವೆ. ಎದುರು ಕೂತವರು ಟೀ ಮುಗಿಸುವಷ್ಟರಲ್ಲಿ ಜಾಗ ಹೇಳಿ ಮುಗಿಸುತ್ತಿದ್ದಳು.

ಇಷ್ಟು ಚುರುಕಿನ ಹುಡುಗಿಗೆ, ಪಕ್ಕದಲ್ಲೇ ಕೂತ ವಾಸುಗೆ 'ನೀನಂದ್ರೆ ಇಷ್ಟ ಕಣೋ' ಎನ್ನಲು ಮಾತ್ರ ನಾಲಿಗೆ ಹೊರಳಿರಲಿಲ್ಲ ನೋಡಿ! ಏನು ಮಾಡುವುದು, ಕೆಲವರ ಹಣೆಬರಹವೇ ಹಾಗೆ.

"ನಂದಿಬೆಟ್ಟ?" ವಾಸುವೇ ಶುರು ಮಾಡಿದ.

"ಟ್ರಾಫಿಕ್."

"ಹೆಸರಘಟ್ಟ?"

"ಧೂಳು."

"ಲೇಪಾಕ್ಷಿ?"

"ಬಿಸಿಲು."

"ಬೇರೆಯವ್ರ ಮುಂದೆ ಇದೇ ಜಾಗಗಳನ್ನ ಹೊಗಳ್ತೀಯಲ್ಲ ಗುರು... ಹೋಗ್ಲಿ, ಅವಲಬೆಟ್ಟ?"

ಅವಳು ಬೆಚ್ಚಿದಳು. ಗುಡಿಬಂಡೆ ಹತ್ತಿರದ ಆ ಬೆಟ್ಟವನ್ನು ಅವಳು ಯಾವ ಜೋಡಿಗೂ ಕೊಟ್ಟಿರಲಿಲ್ಲ. ಕೋತಿ ಕಾಟ, ರಸ್ತೆ ಸರಿಯಿಲ್ಲ ಎಂದು ಏನೇನೋ ಸುಳ್ಳು ಹೇಳಿ ತಪ್ಪಿಸುತ್ತಿದ್ದಳು. ಅದು ತನಗೂ ವಾಸುಗೂ ಎಂದು ಮನಸ್ಸಿನಲ್ಲೇ ಎತ್ತಿಟ್ಟಿದ್ದ ಜಾಗ.

'ಇದನ್ನೂ ಕೊಟ್ಬಿಡ್ಬೇಕಾ ನಾನು? ದೇವ್ರೇ, ನನಗೇನು ಉಳೀತು...'

"ಸರಿ, ಅಲ್ಲೇ ಇಟ್ಕೋ," ಎಂದಳು. ಬೇಡ ಎನ್ನಲು ಅವಳಿಗೆ ಯಾವ ಹಕ್ಕಿತ್ತು?

ಆ ಸಂಜೆ ಕೊಡಿಗೇಹಳ್ಳಿಗೆ ಹತ್ತಿರದ ಸಿಂಗಾಪುರ ಬಡಾವಣೆಯ ಮನೆಗೆ ಹೋದವಳು ಊಟಕ್ಕೂ ಏಳಲಿಲ್ಲ. ತಲೆನೋವು ಎಂದಳು. ತಾಯಿ ಗೌರಮ್ಮ ಹಣೆಗೆ ಮುಲಾಮು ಹಚ್ಚಿದರು.

ಶೂಟ್‌ಗೆ ಮೊದಲು ಇಬ್ಬರೂ ಹೋಗಿ ಬೆಳಕು ನೋಡಿ ಬರುವುದು ಅವರ ಪದ್ಧತಿ. ಮದುಮಗಳು ನಿಲ್ಲುವ ಕಡೆ ಮೋನಿಕಾ ನಿಲ್ಲಬೇಕು, ವಾಸು ಪರೀಕ್ಷೆಗೆಂದು ಒಂದಷ್ಟು ಫೋಟೋ ತೆಗೆಯಬೇಕು. ಶುಕ್ರವಾರ ಬೆಳಗ್ಗೆ ಅವಲಬೆಟ್ಟದ ಬಂಡೆಯ ಮೇಲೆ ಅವಳು ಹಾಗೇ ನಿಂತಿದ್ದಳು. ಕೆಳಗೆ ಹೊಲಗಳು, ಮೇಲೆ ಎಳೆ ಬಿಸಿಲು. ಎಷ್ಟು ಚೆನ್ನಾಗಿತ್ತೋ ಅಷ್ಟೇ ಸಂಕಟವಾಗುತ್ತಿತ್ತು.

"ಆಯ್ತು, ಬಾ ಈ ಕಡೆ," ಎಂದ ವಾಸು.

ಅವಳು ಕದಲಲಿಲ್ಲ. 'ಇಲ್ಲಿಂದ ಇಳಿದ್ರೆ ಆಮೇಲೆ ಅವಳು ಬಂದು ನಿಲ್ತಾಳೆ...'

"ಮೋನಿಕಾ? ಬಾ ಅಂದೆ."

"ಬರಲ್ಲ."

"ಏನು?"

"ಇಲ್ಲಿ ಬೇರೆ ಯಾರನ್ನೂ ನಿಲ್ಲಿಸ್ಬೇಡ ವಾಸು... ನನ್ ಕೈಲಿ ತಡಿಯೋಕಾಗಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು.

ವಾಸು ಕ್ಯಾಮೆರಾ ಕೆಳಗಿಳಿಸಿದ. "ಇದನ್ನ ಈಗ ಹೇಳ್ತಿದೀಯಾ? ನಾಡಿದ್ದು ಹೂ ಮುಡಿಸೋದು ಕಣೇ."

"ಗೊತ್ತು."

"ಯಾವ ಟೆಸ್ಟ್ ಫೋಟೋದಲ್ಲೂ ನೀನು ನನ್ ಕಡೆ ನೋಡಿಲ್ಲ. ಕೆರೆ ನೋಡ್ತೀಯ, ಮೋಡ ನೋಡ್ತೀಯ. ಒಂದೊಂದನ್ನೂ ದೊಡ್ಡದ್ ಮಾಡಿ ನೋಡಿದೀನಿ ನಾನು. ನನ್ನ ಕಂಡ್ರೇ ಆಗಲ್ಲ ಅನ್ಕೊಂಡೆ. ಅದಕ್ಕೇ ಅಮ್ಮನಿಗೆ ಹೂಂ ಅಂದಿದ್ದು."

"ನೋಡಿದ್ರೆ ಮುಖದಲ್ಲೇ ಗೊತ್ತಾಗ್ಬಿಡುತ್ತೆ ಅಂತ ನೋಡ್ತಿರ್ಲಿಲ್ಲ... ನೀನು ಜೂಮ್ ಮಾಡೋನು."

ಊರವರ ಮುಖದಲ್ಲಿ ಪ್ರೀತಿ ಹುಡುಕಿ ತೆಗೆಯುವ ಫೋಟೋಗ್ರಾಫರ್ ಮಹಾಶಯ ಬಾಯಿಬಿಟ್ಟು ಒಂದು ಮಾತು ಕೇಳಿರಲಿಲ್ಲ. ಕ್ಯಾಮೆರಾ ಹೇಳಿದ್ದನ್ನೇ ನಂಬಿ ಕೂತಿದ್ದ. ಈಗ ಅವನಿಗೂ ಕಣ್ಣು ತುಂಬಿತು.

ಅಲ್ಲಿಂದಲೇ ತಾಯಿ ದ್ರೌಪದಮ್ಮನಿಗೆ ಫೋನ್ ಮಾಡಿ, ಈ ಸಂಬಂಧ ಬೇಡ, ಮೋನಿಕಾಳೇ ಬೇಕು ಎಂದ. ಎಲ್ಲವನ್ನೂ ಕೇಳಿ ಆಕೆಯ ಧ್ವನಿ ಬಿದ್ದುಹೋಯಿತು.

"ಆ ಹುಡುಗಿಗೆ ಸೀರೆ ತಂದಾಗಿದೆ ಕಣೋ. ಯಾವ ಮುಖ ಇಟ್ಕೊಂಡ್ ಹೇಳ್ಲಿ?"

"ತಪ್ಪು ನಂದಮ್ಮ. ನಾನೇ ಹೋಗಿ ಹೇಳ್ತೀನಿ."

ದ್ರೌಪದಮ್ಮ ಮೋನಿಕಾಳನ್ನು ಕೇಳಿದರು. "ಅವಳ ಕೈಗೆ ಕೊಡು."

ಮೋನಿಕಾ ಫೋನ್ ಕಿವಿಗೆ ಹಿಡಿದಳು.

"ಅಲ್ಲಮ್ಮ, ನಮ್ಮನೇಲಿ ಎಷ್ಟ್ ಸಲ ಊಟ ಮಾಡಿದೀಯ. ನನ್ ಕಿವೀಲಾದ್ರೂ ಒಂದ್ ಮಾತು ಹಾಕ್ಬಾರ್ದಿತ್ತಾ?"

"ಭಯ ಆಯ್ತು ಆಂಟಿ."

"ಈಗ ನನಗೆ ಭಯ. ಆ ಮನೆ ಮೆಟ್ಟಿಲು ಹತ್ಬೇಕಲ್ಲ..." ದ್ರೌಪದಮ್ಮ ನಿಟ್ಟುಸಿರಿಟ್ಟರು. "ಅಳ್ಬೇಡ. ಬನ್ನಿ ಇಬ್ರೂ. ಮೂರೂ ಜನ ಹೋಗಿ ತಪ್ಪಾಯ್ತು ಅಂತ ಕೇಳ್ಕೊಳ್ಳೋಣ."

ಫೋನ್ ಇಟ್ಟ ಮೇಲೆ ವಾಸು ಬಂಡೆಯ ಕೆಳಗೆ ನಿಂತು ಕೈ ಚಾಚಿದ.

"ಇಳಿ. ಬೈಸ್ಕೊಳ್ಳೋಕ್ ಹೋಗೋಣ."

ಅವಳು ಕೈ ಹಿಡಿದು ಇಳಿದಳು. ಅವನು ಬಿಡಲಿಲ್ಲ.

"ಅವ್ರ ಮನೇಲಿ ಈ ಕೈ ಬಿಡ್ಬೇಕು ವಾಸು. ಆ ಹುಡುಗಿ ಮುಂದೆ ಬೇಡ, ಪಾಪ."

"ಹೂಂ. ಗೇಟಿನ ತನಕ ಹಿಡ್ಕೋತೀನಿ."

"ಆಮೇಲೆ?"

"ಹೊರಗ್ ಬಂದ್ಮೇಲೆ ನೀನೇ ಹಿಡ್ಕೋಬೇಕು. ಆಗ ನನಗೆ ಧೈರ್ಯ ಇರುತ್ತೋ ಇಲ್ವೋ..."

"ಹಿಡ್ಕೋತೀನಿ," ಎಂದಳು ಮೋನಿಕಾ, ಅವನ ಮುಖವನ್ನೇ ನೋಡುತ್ತಾ.