ಡ್ರಮ್ಮಿನ ಮೇಲಿನ ಗೀರು

ಹಾಯಿದೋಣಿ ಕ್ಲಬ್ಬಿನ ದೋಣಿ ಸುಟ್ಟು ಬೂದಿಯಾಗಿತ್ತು. ಉಳಿದದ್ದು ತಳದ ತೊಲೆಯೊಂದೇ. ಶುಕ್ರವಾರ ತಪಾಸಣೆಯವನು ಬಂದು ನೋಡಬೇಕಿತ್ತು, ಶನಿವಾರ ಹದಿನಾರು ಮಕ್ಕಳು ಅದರಲ್ಲಿ ಹಾಯಿ ಬಿಚ್ಚಿ ಹೊರಡಬೇಕಿತ್ತು. ಗುರುವಾರ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕ್ಲಬ್ಬಿನ ಬಾಗಿಲಿಗೆ ಯಾರೋ ಅಚ್ಚು ಹಾಕಿದ ಒಂದು ಕಾಗದ ಅಂಟಿಸಿದ್ದರು: "ನನಗೆ ಮಾಡಿದ ಅವಮಾನಕ್ಕೆ ಇದು ಉತ್ತರ. ಮುಂದಿನ ಸರದಿ ಕ್ಲಬ್ಬಿನದು."

ಎಂಟು ಗಂಟೆಗೆಲ್ಲ ಪೊಲೀಸ್ ಇನ್ಸ್‌ಪೆಕ್ಟರ್ ವಿಬೆಕೆ ಆ ಕಾಗದ ಹಿಡಿದು ಪ್ರೆಬೆನ್‌ನ ಅಂಗಡಿಗೆ ಬಂದಳು. ಡೆನ್ಮಾರ್ಕಿನ ಆ ಪುಟ್ಟ ದ್ವೀಪದಲ್ಲಿ ಪ್ರಿಂಟರ್ ರಿಪೇರಿಗೆ ಇದ್ದವನು ಅವನೊಬ್ಬನೇ. ಮೂವತ್ತೆಂಟು ವರ್ಷದ ಕಸುಬು.

"ಇದು ಎಂಥ ಮೆಷಿನ್ನಿಂದ ಬಂದದ್ದು, ಹೇಳು."

ಪ್ರೆಬೆನ್ ಕೈಗವಸು ತೊಟ್ಟು ಕಾಗದದ ಬೆನ್ನು ಸವರಿದ. "ಡಾಟ್ ಮ್ಯಾಟ್ರಿಕ್ಸ್ ಅಲ್ಲ. ಅದು ಸೂಜಿಯಿಂದ ಕುಟ್ಟತ್ತೆ, ಹಿಂದೆ ತರಿತರಿ ಸಿಗ್ತಿತ್ತು. ಬಂದರಿನ ಕಚೇರೀಲಿರೋದು ಅದು, ಅವರನ್ನ ಬಿಟ್ಬಿಡು."

"ರಸೀದಿ ಬರುತ್ತಲ್ಲ, ಆ ಥರದ್ದು?"

"ಅದಕ್ಕೆ ಶಾಯಿನೇ ಇಲ್ಲ ಮಾರಾಯ್ತಿ. ಬಿಸಿ ತಾಗಿದ್ರೆ ಕಪ್ಪಾಗೋ ಕಾಗದ ಬೇಕು. ಇದು ಸಾದಾ ಕಾಗದ. ಒಂದು ಹನಿ ನೀರು ಹಾಕ್ಲಾ?"

"ಫೋಟೋ ತೆಗೆದಾಗಿದೆ. ಹಾಕು."

ಅಕ್ಷರ ಕದಡಲಿಲ್ಲ. "ಮನೆಮನೇಲಿರೋ ಇಂಕ್‌ಜೆಟ್ಟೂ ಅಲ್ಲ. ಅದು ಶಾಯಿ ಚಿಮ್ಮೋದು, ಹೆಚ್ಚಿನವು ನೀರು ಬಿದ್ರೆ ಹರಡ್ತವೆ. ಇದು ಲೇಸರ್. ಕಪ್ಪು ಪುಡೀನ ಕಾಯಿಸಿ ಕಾಗದಕ್ಕೆ ಅಂಟಿಸತ್ತೆ."

"ಕ್ಲಬ್ಬಿನೋರಲ್ಲಿ ಲೇಸರ್ ಯಾರ ಹತ್ರ ಇದೆ?"

"ಎರಡೇ ಕಡೆ. ಮೊಗೆನ್ಸ್ ಹಾಯಿ ಹೊಲಿಯೋ ಅಂಗಡೀಲಿ ಒಂದು. ಬೋಡಿಲ್ ಕೆಲಸ ಮಾಡೋ ಶಿಶುವಿಹಾರದಲ್ಲಿ ಒಂದು."

"ಮೊಗೆನ್ಸ್ ಕ್ಲಬ್ಬಿನ ಅಧ್ಯಕ್ಷ. ತನ್ನ ದೋಣಿ ತಾನೇ ಸುಡ್ತಾನಾ? ಬೋಡಿಲ್‌ನ ಹೋದ ತಿಂಗಳು ಕಾರ್ಯದರ್ಶಿ ಕುರ್ಚಿಯಿಂದ ಇಳಿಸಿದ್ರು. ಎಲ್ಲರೆದುರು ಅತ್ತಿದ್ಲು." ವಿಬೆಕೆ ಎದ್ದಳು. "ಬೇರೇನಾದ್ರೂ ಕಾಣುತ್ತಾ?"

ಆಗಲೇ ಅವನಿಗೆ ಕಂಡಿದ್ದು. ಎಡ ಅಂಚಿನಲ್ಲಿ ಗಾಳದ ಕೊಕ್ಕೆಯಂಥ ಸಣ್ಣ ಗುರುತು. ಒಂದಲ್ಲ, ಮೂರು. ಒಂದರ ಕೆಳಗೊಂದು, ಒಂದೇ ಅಂತರದಲ್ಲಿ.

"ಇಲ್ಲ. ಅಷ್ಟೇ," ಎಂದ ಪ್ರೆಬೆನ್.

* * *

ಆ ಕೊಕ್ಕೆಯ ಜನಕ ಅವನೇ. ಏಪ್ರಿಲ್‌ನಲ್ಲಿ ಮೊಗೆನ್ಸ್‌ನ ಮೆಷಿನ್ನಿನಲ್ಲಿ ಸಿಕ್ಕಿಕೊಂಡ ಕಾಗದ ಕೀಳುವಾಗ ಸ್ಕ್ರೂ ಡ್ರೈವರ್ ಜಾರಿ ಒಳಗಿನ ಡ್ರಮ್ಮಿಗೆ, ಅಕ್ಷರ ಮೂಡಿಸುವ ಉರುಳೆಗೆ, ಗೀರು ಬಿದ್ದಿತ್ತು. "ಇದೇನು ಚುಕ್ಕಿ?" ಎಂದು ಮೊಗೆನ್ಸ್ ಕೇಳಿದ್ದ. "ಕಾಗದದ ದೋಷ, ಬೇರೆ ಕಟ್ಟು ತರಿಸು," ಎಂದಿದ್ದ ಪ್ರೆಬೆನ್. ಅವನು ಮುಟ್ಟಿದ ಮೆಷಿನ್ನು ಕೆಡುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಆ ಹೆಸರು ಉಳಿಸಿಕೊಳ್ಳಲು ಹೇಳಿದ ಸುಳ್ಳು ಅದು. ಈಗ ನಿಜ ಹೇಳಿದರೆ ಅದೂ ಹೊರಬೀಳುತ್ತದೆ.

ಶುಕ್ರವಾರ ಶಿಶುವಿಹಾರದವರು ಬೋಡಿಲ್‌ಳನ್ನು ಮನೆಗೆ ಕಳಿಸಿದರು. ಬೆಂಕಿ ಹಚ್ಚಿದವಳ ಕೈಗೆ ಮಕ್ಕಳನ್ನು ಕೊಡುವವರು ಯಾರು? ಶನಿವಾರ ಬೇಕರಿಯ ಸಾಲಿನಲ್ಲಿ, ಪ್ರೆಬೆನ್‌ನ ಕಣ್ಣೆದುರೇ, ಒಬ್ಬ ತಾಯಿ ಅವಳನ್ನು ಕಂಡು ಮಗುವನ್ನು ಆಚೆ ಎಳೆದುಕೊಂಡಳು. ಇಪ್ಪತ್ತು ವರ್ಷದ ಹಿಂದೆ ಆ ತಾಯಿಗೇ ಷೂ ಲೇಸು ಕಟ್ಟಲು ಕಲಿಸಿದವಳು ಬೋಡಿಲ್.

"ಪ್ರೆಬೆನ್," ಎಂದಳು ಬೋಡಿಲ್, ಎಲ್ಲರೆದುರು. "ಆ ಕಾಗದ ನಮ್ಮ ಮೆಷಿನ್ನಿಂದಲ್ಲ ಅಂತ ಹೇಳೋಕೆ ನಿನ್ನ ಕೈಲಾಗಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಜೇಬಿನ ಸ್ಕ್ರೂ ಡ್ರೈವರಿಗೆ ಹೋಯಿತು. "ನೋಡ್ತೀನಿ," ಎಂದ. ಬ್ರೆಡ್ಡು ಕೊಂಡು ಹಿಂದಿರುಗಿ ನೋಡದೆ ಹೊರಟ.

* * *

ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಸಭೆ. ಕಾಫಿ, ಕೇಕು, ಪ್ರತಿ ತಟ್ಟೆಯ ಪಕ್ಕ ಮೊಗೆನ್ಸ್ ತನ್ನ ಅಂಗಡಿಯಲ್ಲಿ ಅಚ್ಚು ಹಾಕಿ ತಂದ ಸಭೆಯ ವಿಷಯಪಟ್ಟಿಯೊಂದು. ಇದ್ದದ್ದು ಒಂದೇ ವಿಷಯ: ಬೋಡಿಲ್‌ಳನ್ನು ಹೊರಹಾಕುವುದು. ಸದಸ್ಯರ ನಡುವೆ ಪ್ರೆಬೆನ್, ಹಿಂದಿನ ಸಾಲಿನಲ್ಲಿ ವಿಬೆಕೆ ಕುಳಿತಿದ್ದರು.

"ಒಪ್ಪೋರು ಕೈಯೆತ್ತಿ," ಎಂದ ಮೊಗೆನ್ಸ್.

ಕೈಗಳು ಎದ್ದವು. ಬೋಡಿಲ್ ತಲೆ ತಗ್ಗಿಸಲಿಲ್ಲ, ಒಬ್ಬೊಬ್ಬರನ್ನೇ ನೋಡಿದಳು. ಅವಳ ಕಣ್ಣು ತನ್ನ ಕಡೆ ತಿರುಗುತ್ತಿದೆ ಎಂದು ಗೊತ್ತಾದಾಗ ಪ್ರೆಬೆನ್ ಎದುರಿದ್ದ ಪಟ್ಟಿಗೆ ಕಣ್ಣಿಳಿಸಿದ. ಎಡ ಅಂಚಿನಲ್ಲಿ ಕೊಕ್ಕೆ. ಮೂರು.

ಅವನು ಎದ್ದು ನಿಂತ. "ಎಲ್ಲರೂ ಪಟ್ಟಿಯ ಎಡಗಡೆ ನೋಡಿ. ವಿಬೆಕೆ, ನೀನು ಆ ಪತ್ರದ ಫೋಟೋ ತೆಗಿ."

ಮೊಗೆನ್ಸ್ ನಕ್ಕ. "ಚುಕ್ಕೀನಾ? ಕಾಗದದ ದೋಷ ಕಣಯ್ಯ, ನೀನೇ ಹೇಳಿದ್ದೆಯಲ್ಲ!"

"ಸುಳ್ಳು ಹೇಳಿದ್ದೆ." ಪ್ರೆಬೆನ್ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಲೇಸರಿನೊಳಗೆ ಒಂದು ಡ್ರಮ್ಮು ಉರುಳುತ್ತೆ. ಬೆಳಕು ಅದರ ಮೇಲೆ ಬರೆಯುತ್ತೆ, ಪುಡಿ ಅಲ್ಲಿ ಕೂರುತ್ತೆ, ಕಾಗದಕ್ಕೆ ಇಳಿಯುತ್ತೆ. ಡ್ರಮ್ಮು ಒಂದು ಪುಟಕ್ಕೆ ಮೂರು ಸುತ್ತು. ಅದರ ಮೇಲೆ ಗೀರಿದ್ರೆ ಅದೇ ಜಾಗದಲ್ಲಿ, ಅದೇ ಅಂತರದಲ್ಲಿ ಮೂರು ಸಲ ಬೀಳುತ್ತೆ. ಈ ಗೀರು ಹಾಕಿದ್ದು ನಾನು, ಮೊಗೆನ್ಸ್‌ನ ಮೆಷಿನ್ನಿಗೆ. ಇಂಥದ್ದು ಇನ್ನೆಲ್ಲೂ ಇಲ್ಲ."

ವಿಬೆಕೆ ಫೋನನ್ನು ಪಟ್ಟಿಯ ಪಕ್ಕ ಇಟ್ಟಳು. ಗುರುತುಗಳು ತಾಳೆಯಾದವು. "ಮೊಗೆನ್ಸ್," ಎಂದಳು, "ತಪಾಸಣೆಯವನು ಶುಕ್ರವಾರ ಬರೋನಿದ್ದ. ಅವನು ಏನು ನೋಡಬಾರದಿತ್ತು?"

ಮೊಗೆನ್ಸ್ ಕುರ್ಚಿಗೆ ಕುಸಿದ. "ತಳದ ಹಲಗೆ ಕೊಳೆತಿತ್ತು. ಐದು ವರ್ಷ ನೋಡದೇನೇ ಸರಿ ಇದೆ ಅಂತ ಸಹಿ ಹಾಕಿದ್ದೆ. ಬುಧವಾರ ಬಗ್ಗಿ ನೋಡಿದ್ರೆ ಬೆರಳು ಒಳಗೆ ಹೋಯ್ತು. ಹೇಳೋಕೆ ಮುಖ ಇರಲಿಲ್ಲ. ಬೋಡಿಲ್‌ಗೆ ಕೋಪ ಇರೋದು ಎಲ್ಲರಿಗೂ ಗೊತ್ತಿತ್ತಲ್ಲ."

ಜನ ಅವನನ್ನು ಬೈದರು. ಪ್ರೆಬೆನ್ ಪಟ್ಟಿ ಕೆಳಗಿಟ್ಟು ಕುಳಿತ. ಅವರಿಬ್ಬರ ರೋಗ ಒಂದೇ ಆಗಿತ್ತು.

* * *

ಬೋಡಿಲ್ ಹೊರಗೆ ಮೆಟ್ಟಿಲ ಮೇಲೆ ಕಾದಿದ್ದಳು.

"ಗುರುವಾರವೇ ಗೊತ್ತಿತ್ತಾ?"

"ಗೊತ್ತಿತ್ತು."

"ಬೇಕರೀಲಿ ನಾನು ಕೇಳಿದಾಗ?"

"ಆಗಲೂ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಸಭೆಯ ಪಟ್ಟಿಯನ್ನು ನಾಲ್ಕಾಗಿ ಮಡಚಿ ಅವನ ಕೋಟಿನ ಜೇಬಿಗೆ ತುರುಕಿದಳು. "ಅಂಗಡೀಲಿ ಅಂಟಿಸ್ಕೋ," ಎಂದು ಹೇಳಿ ಸೈಕಲ್ ಹತ್ತಿ ಹೊರಟುಹೋದಳು.

ಸೋಮವಾರ ಅವನು ಅದನ್ನು ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ಗೋಡೆಗೆ ಅಂಟಿಸಿದ. ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ. ಪ್ರತಿ ಸಲವೂ ಅವನು ಮೊದಲಿಂದ ಹೇಳುತ್ತಾನೆ, ಬೇಕರಿಯನ್ನೂ ಬಿಡದೆ.