ಶುಕ್ರವಾರದ ವಿಮಾನಕ್ಕೆ ಮಲ್ಲಿಗೆ

ಮಣಿಪಾಲದ ಆ ಕಟ್ಟಡದ ಮೇಲ್ಮಹಡಿಯಲ್ಲಿ ವಿಮಾನ ಕಂಪನಿಯ ಕಚೇರಿಯೇ ಇರಲಿಲ್ಲ. ಇದ್ದದ್ದು ತುಕ್ಕು ಹಿಡಿದ ಶಟರ್, ಅದಕ್ಕೊಂದು ಬೀಗ. ಕುಶಲಾ ಕೈಯಲ್ಲಿದ್ದ ರಸೀದಿಯನ್ನು ಮತ್ತೆ ನೋಡಿದಳು. ವಿಳಾಸ ಇದೇ.

"ಇಲ್ಲಿ ವಿಮಾನದ ಆಫೀಸಾ? ಯಾರು ಹೇಳಿದ್ದು ನಿಮಗೆ?" ಎಂದು ಕೆಳಗಿನ ಅಂಗಡಿಯವನು ನಕ್ಕ.

ಗಂಡ ದೇವದಾಸ ಮೆಟ್ಟಿಲ ಮೇಲೆಯೇ ಕುಸಿದು ಕೂತ. ಅವನ ಪಾಸ್‌ಪೋರ್ಟು, ಟಿಕೆಟು ಎರಡೂ ನಿನ್ನೆಯಷ್ಟೇ ಕಾಪುವಿನ ಮನೆಯಿಂದ ಈ 'ಕಚೇರಿ'ಗೆ ಹೊರಟಿದ್ದವು.

ಕಾಲು ಮುರಿದುಕೊಂಡು ರಜೆ ಬೆಳೆಸಿದ್ದ ದೇವದಾಸ ಶುಕ್ರವಾರದ ವಿಮಾನ ಹತ್ತಲೇಬೇಕಿತ್ತು. ಊರಿನಲ್ಲಿ ಆರು ತಿಂಗಳು ದಾಟಿದರೆ ಕುವೈತಿನ ವೀಸಾ ರದ್ದು. ವೀಸಾ ಹೋದರೆ ಕೆಲಸವೂ ಹೋಯಿತು. ಕಳ್ಳರು ಕೈ ಹಾಕಿದ್ದು ಆ ಭಯಕ್ಕೇ. ಸೋಮವಾರ ಮನೆಗೆ ಫೋನು ಬಂತು — ವಿಮಾನ ಕಂಪನಿಯ ಗ್ರಾಹಕ ಸೇವೆಯಿಂದಂತೆ. ಸೀಟು ಖಚಿತವಾಗಿಲ್ಲ, ಪಾಸ್‌ಪೋರ್ಟಿಗೆ ಹೊಸ ಮುದ್ರೆ ಬೇಕು, ನಮ್ಮ ಮನುಷ್ಯ ಬರುತ್ತಾನೆ. ಮರುದಿನ ಟೈ ಕಟ್ಟಿದವನೊಬ್ಬ ಬಂದು, ನಯವಾಗಿ ಮಾತಾಡಿ, ಮಣಿಪಾಲದ ವಿಳಾಸವಿದ್ದ ರಸೀದಿ ಕೊಟ್ಟು ಎರಡನ್ನೂ ಒಯ್ದ. ಬಿಸಿಲಲ್ಲಿ ಬಂದನಲ್ಲ ಎಂದು ಕುಶಲಾ ಅವನಿಗೆ ಎಳನೀರು ಬೇರೆ ಕೆತ್ತಿಸಿ ಕೊಟ್ಟಿದ್ದಳು. ಅದನ್ನು ನೆನೆದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

ಕಾಪು ಠಾಣೆಯ ಎಸ್‌ಐ ವೆರೊನಿಕಾ ದೂರನ್ನು ಕೊನೆಯವರೆಗೂ ಸುಮ್ಮನೆ ಕೇಳಿದರು.

"ಕಾರ್ಕಳದಲ್ಲಿ ಒಂದು, ಉದ್ಯಾವರದಲ್ಲಿ ಒಂದು. ನಿಮ್ಮದು ಮೂರನೆಯದ್ದು."

"ಅವರ ಪಾಸ್‌ಪೋರ್ಟು ಸಿಕ್ಕಿತಾ ಮೇಡಂ?"

"ಇಲ್ಲ. ಅದನ್ನು ಹಿಡಿದುಕೊಂಡು ಬೇರೆ ಯಾರೋ ಹಾರಿ ಆಗಿರಬಹುದು. ನೀವು ಯಾರಿಗೂ ಹೇಳಬೇಡಿ. ಮನೆಯಲ್ಲಿ ಹೊರಡುವ ತಯಾರಿ ಹಾಗೆಯೇ ನಡೆಯಲಿ."

ಹೊರಡದವನಿಗಾಗಿ ಪೆಟ್ಟಿಗೆ ಕಟ್ಟುವುದು ಎಷ್ಟು ಕಷ್ಟ ಎಂಬುದು ಕುಶಲಾಳಿಗೆ ಅವತ್ತು ಗೊತ್ತಾಯಿತು. ಹೊರಗೆ ನಾಯಿ ಬೊಗಳಿದರೂ ಟೈ ಕಟ್ಟಿದವನೇ ಬಂದಂತೆ ಎದೆ ಹಾರುತ್ತಿತ್ತು.

ಗುರುವಾರ ಸಂಜೆ ವೆರೊನಿಕಾ ಮಾಮೂಲಿ ಸೀರೆಯುಟ್ಟು ಮನೆಗೆ ಬಂದರು. ಜೊತೆಯಲ್ಲಿ ಟಿಕೆಟು ಮಾಡಿಸಿಕೊಟ್ಟ ಟ್ರಾವೆಲ್ಸಿನ ಸ್ಟ್ಯಾನಿಸ್ಲಾಸ್. ದೇವದಾಸನಿಗೆ ತಡೆಯಲಾಗಲಿಲ್ಲ.

"ನಾನು ಯಾವತ್ತು ಹೋಗುವುದು ಅಂತ ನಿಮಗಲ್ಲದೆ ಮತ್ತೆ ಯಾರಿಗೆ ಗೊತ್ತುಂಟು?"

"ನನ್ನ ಹೊಟ್ಟೆಪಾಡಿಗೆ ನಾನೇ ಕಲ್ಲು ಹಾಕಿಕೊಳ್ಳುವುದಾ ಮಾರಾಯ್ರೆ?" ಸ್ಟ್ಯಾನಿಸ್ಲಾಸ್ ಮುಖ ಸಣ್ಣದಾಯಿತು. "ಕಾರ್ಕಳದವರು ನನ್ನ ಗಿರಾಕಿಯೇ ಅಲ್ಲ."

ವೆರೊನಿಕಾ ಕುಶಲಾಳ ಕಡೆ ತಿರುಗಿದರು. "ಫೋನಿನಲ್ಲಿ ಮೊದಲು ಎಂತ ಕೇಳಿದರು?"

"ಕುಶಲಾ ಅವರ ಮನೆಯಾ, ಅಂತ."

"ದೇವದಾಸ ಅಂತ ಅಲ್ಲ?"

"ಅಲ್ಲ. ನನ್ನ ಹೆಸರೇ."

"ಟಿಕೆಟು ನಂಬರು ಅವರು ಹೇಳಿದ್ದಾ, ನೀವಾ?"

ಕುಶಲಾ ತಲೆ ತಗ್ಗಿಸಿದಳು. "ಅವರು ಕೇಳಿದರು, ನಾನು ಓದಿ ಹೇಳಿದೆ."

ವೆರೊನಿಕಾ ಕಟ್ಟಿಟ್ಟ ಪೆಟ್ಟಿಗೆಯ ಬಳಿ ಹೋದರು. "ಎಲ್ಲ ಬಂತಾ? ಏನಾದರೂ ಬಾಕಿ ಉಂಟಾ?"

"ಹಪ್ಪಳ, ಉಪ್ಪಿನಕಾಯಿ ಎಲ್ಲ ಹಾಕಿದ್ದೇನೆ. ಮಲ್ಲಿಗೆ ಒಂದು ಬರಲಿಲ್ಲ. ಅಲ್ಲಿ ಇವರ ಸ್ನೇಹಿತರ ಹೆಂಡತಿಯರಿಗೆ ಶಂಕರಪುರದ ಮಲ್ಲಿಗೆ ಅಂದರೆ ಪ್ರಾಣ. ಎರಡು ಅಟ್ಟೆ ಹೂ ಕಟ್ಟಿಕೊಡಲು ಹೇಳಿದ್ದೆ. ಹೂವಿನ ಅಂಗಡಿಯ ಗುಣಪಾಲಣ್ಣ ಮರೆತಿರಬೇಕು."

"ಬೇಡ ಅಂತ ನೀವು ಹೇಳಿದ್ದಾ?"

"ಇಲ್ಲ ಮೇಡಂ. ಯಾರಿಗೂ ಏನೂ ಹೇಳಬೇಡಿ ಅಂದಿರಲ್ಲ."

"ಆ ಇಬ್ಬರೂ ಹೂ ತೆಗೆದುಕೊಂಡದ್ದು ಎಲ್ಲಿಂದ ಅಂತ ಈಗಲೇ ಕೇಳಬೇಕು," ಎಂದು ವೆರೊನಿಕಾ ಅಲ್ಲಿಂದಲೇ ಕಾರ್ಕಳಕ್ಕೆ, ಉದ್ಯಾವರಕ್ಕೆ ಫೋನು ಮಾಡಿದರು. ಮಾತು ಮುಗಿಸಿ ರಿಸೀವರ್ ಇಡುವಾಗ ಅವರ ಮುಖ ಬಿಗಿದಿತ್ತು. "ಬನ್ನಿ," ಎಂದರು ಅಷ್ಟೇ.

ಕಾಪು ಪೇಟೆಯಲ್ಲಿ ಗುಣಪಾಲ ಬಾಳೆಲೆಯಲ್ಲಿ ಹೂ ಸುತ್ತುತ್ತಿದ್ದ. ವಿಮಾನದಲ್ಲೂ ಬಾಡದ ಹಾಗೆ ಹೂ ಕಟ್ಟಿಕೊಡುವುದರಲ್ಲಿ ಅವನದ್ದು ದೊಡ್ಡ ಹೆಸರು. ಕುಶಲಾಳನ್ನು ಕಂಡು ಎಂದಿನಂತೆ ನಕ್ಕ.

"ಇವತ್ತು ಮಲ್ಲಿಗೆಗೆ ಎಂತ ರೇಟು?" ವೆರೊನಿಕಾ ಕೇಳಿದರು.

"ಮದುವೆ ಸೀಸನ್ ಅಲ್ವಾ, ಮುಟ್ಟುವ ಹಾಗಿಲ್ಲ."

"ಕುಶಲಾ ಅವರ ಎರಡು ಅಟ್ಟೆ?"

ಸುತ್ತುತ್ತಿದ್ದ ಕೈ ನಿಂತಿತು. "ಅದು... ಮರೆತೇ ಹೋಯಿತು, ಕುಶಲಕ್ಕ."

"ಮರೆಯಲಿಲ್ಲ," ಎಂದರು ವೆರೊನಿಕಾ. "ಆ ಮನೆಯಿಂದ ನಾಳೆ ಯಾರೂ ಹಾರುವುದಿಲ್ಲ ಅಂತ ನಿಮಗೆ ಗೊತ್ತಿತ್ತು. ಹೂವು ಕೊಂಡುಹೋದರೆ ಅವರು ಬೇಡ ಅನ್ನುತ್ತಾರೆ, ಸಂಜೆಯ ಹೂವನ್ನು ಮತ್ತೆ ಯಾರೂ ಕೊಳ್ಳುವುದಿಲ್ಲ. ಈ ರೇಟಿನಲ್ಲಿ ಹೂ ಹಾಳು ಮಾಡಲು ನಿಮ್ಮ ವ್ಯಾಪಾರದ ಬುದ್ಧಿ ಒಪ್ಪಲಿಲ್ಲ. ಕೊಟ್ಟುಬಿಟ್ಟಿದ್ದರೆ ನಾನು ಇನ್ನೂ ಸ್ಟ್ಯಾನಿಸ್ಲಾಸ್ ಅವರ ಹಿಂದೆಯೇ ಸುತ್ತುತ್ತಿದ್ದೆ."

"ಹೂವು ಕೊಡದಿದ್ದದ್ದು ಅಪರಾಧವಾ ಮೇಡಂ?"

"ಟಿಕೆಟು ಗಂಡನ ಹೆಸರಲ್ಲಿ. ಫೋನು ಬಂದದ್ದು ಹೆಂಡತಿಯ ಹೆಸರಿಗೆ — ಮೂರೂ ಮನೆಯಲ್ಲಿ. ಯಾಕೆ? ನಮ್ಮಲ್ಲಿ ಹೂವಿಗೆ ಹೇಳುವುದು ಹೆಂಗಸರು. ಯಾವ ದಿನದ ವಿಮಾನ, ಮನೆಯ ನಂಬರು ಯಾವುದು, ಎಲ್ಲ ನಿಮ್ಮ ಹತ್ತಿರ ಬಾಯಿಬಿಟ್ಟು ಹೇಳುತ್ತಾರೆ. ಮೂರೂ ಮನೆಗೆ ಹೂವು ನಿಮ್ಮದೇ. ಉಳಿದದ್ದನ್ನು ಫೋನಿನಲ್ಲಿ ಅವರ ಬಾಯಿಂದಲೇ ಹೊರಡಿಸುತ್ತೀರಿ. ಟೈ ಕಟ್ಟಿದವನು ಎಲ್ಲಿದ್ದಾನೆ?"

ಗುಣಪಾಲನ ಕಣ್ಣು ಮುಂಬೈ ಬಸ್ಸಿಗೆ ಸಿದ್ಧವಾಗಿದ್ದ ಥರ್ಮಾಕೋಲ್ ಪೆಟ್ಟಿಗೆಯ ಕಡೆ ಹೋಯಿತು. ವೆರೊನಿಕಾ ಅದನ್ನು ಬಿಚ್ಚಿದರು. ಹೂವಿನ ಅಡಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಾಸ್‌ಪೋರ್ಟು, ಟಿಕೆಟು.

"ನಮ್ಮದೇ," ಎಂದು ಕುಶಲಾ ಕಸಿದುಕೊಂಡಳು. ಹೋದ ಜೀವ ಬಂದಂತಾಯಿತು. ನಾಳೆ ಹೊರಡಬಹುದು, ಕೆಲಸ ಉಳಿಯಿತು.

ವೆರೊನಿಕಾ ಮಾತ್ರ ಹಗುರಾಗಲಿಲ್ಲ. "ಒಳಗೆ ನೋಡಿ," ಎಂದರು.

ಕುಶಲಾ ಬಿಡಿಸಿದಳು. ದೇವದಾಸನ ಫೋಟೋ ಇದ್ದಲ್ಲಿ ಬೇರೆ ಯಾವನೋ ಇದ್ದ. ಚಿಕ್ಕ ಪ್ರಾಯದವನು, ತೆಳು ಮೀಸೆ, ನೆಟ್ಟ ನೋಟ. ಪಕ್ಕದಲ್ಲಿ ಹೆಸರು ದೇವದಾಸನದ್ದು, ಹುಟ್ಟಿದ ಊರು ಕಾಪು. ಈ ಮುಖ ಹೊತ್ತ ಪಾಸ್‌ಪೋರ್ಟಿನಲ್ಲಿ ದೇವದಾಸ ಇನ್ನು ಎಲ್ಲಿಗೂ ಹೋಗುವಂತಿರಲಿಲ್ಲ. ಅವಳು ಕೊನೆಯ ಪುಟ ತಿರುವಿದಳು. ಅಲ್ಲಿ ಏನನ್ನೂ ಬದಲಾಯಿಸಿರಲಿಲ್ಲ; ಆ ಅಪರಿಚಿತನ ಹೆಂಡತಿಯ ಹೆಸರು ಕುಶಲಾ ಎಂದಿತ್ತು.